ಹೂಂ ಹೇಳದ ಶನಿವಾರಗಳು

"ಆ ಹುಡುಗಿಯನ್ನು ಅಕ್ಕಿಮಿಲ್ಲಿನ ಮುದುಕನಿಗೆ ಕೊಟ್ಟು ಮುಗಿಸುವುದೇ ಒಳ್ಳೆಯದು. ಎಷ್ಟು ದಿನ ಅಂತ ಹೊಳೆಯ ಕಡವಿನ ಮೆಟ್ಟಿಲಲ್ಲಿ ಕೂತಿರ್ತಾಳೆ ಅವಳು?"

ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಹೀಗೆ ಹೇಳಿದಾಗ ಪದ್ಮಾಕ್ಷಿ ಅರ್ಧ ನಿದ್ದೆಯಲ್ಲಿದ್ದಳು. ಲಾಯಿಲದ ಚಿಕ್ಕಮ್ಮನ ಮನೆಯಲ್ಲಿ ಹೊಟ್ಟೆ ತುಂಬ ಉಂಡಿದ್ದಳು. ಮಡಿಲಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಕಟ್ಟು ಇತ್ತು.

"ಮುದುಕ ಎಂತಕ್ಕೆ ಮಾರಾಯ್ತಿ?" ಎಂದಳು ಪಕ್ಕದವಳು. "ನಿಶ್ಚಯ ಆದ ಮೇಲೆ ಬೊಳ್ಳ ಬಂದು ಮನೆಗೆ ಹೊಳೆ ನುಗ್ಗಿದ್ದು ಅವಳ ತಪ್ಪಾ? ಹುಡುಗನ ಕಡೆಯವರಿಗೆ ನಾಚಿಕೆ ಆಗ್ಬೇಕು. ಮನೆಯೊಳಗಿನ ಕೆಸರು ನೋಡಿ, ಮಾಡಿಟ್ಟ ಕಾಫಿ ಸಹ ಕುಡಿಯದೆ ಎದ್ದುಹೋದ್ರಲ್ಲ."

ಪದ್ಮಾಕ್ಷಿಯ ನಿದ್ದೆ ಹಾರಿಹೋಯಿತು. ಅದು ಅವಳದೇ ಮಾತು. ಬಂಟ್ವಾಳ ಪೇಟೆಯ ಕಟ್ಟೆಯ ಮೇಲೆ, ಗುರುತಿನವರ ನಡುವೆ ಕೂತು ಅವಳು ಹೇಳಿದ ಮಾತು. ಇಲ್ಲಿ ಇವರ ಬಾಯಿಗೆ ಹೇಗೆ ಬಂತು?

"ಯಾವ ಹುಡುಗಿಯ ಸುದ್ದಿ ಅಕ್ಕ?"

"ನೀರೂರಿನ ಹುಡುಗಿ. ಕತೆ ಅದು. ನಮ್ಮ ಕಂಡಕ್ಟರು ಹೇಳೂದು. ಅವರು ಒಂದು ತುಂಡು ಹೇಳ್ತಾರೆ, ನಾವು ಒಂದು ತುಂಡು ಸೇರಿಸ್ತೇವೆ. ಹೂಂ ಹೇಳ್ತಾ ಹೇಳ್ತಾ ದಾರಿ ಹೋದದ್ದೇ ಗೊತ್ತಾಗುವುದಿಲ್ಲ."

ಕಂಡಕ್ಟರು ಧರ್ಣಪ್ಪ ಆಗ ಹಿಂದಿನ ಬಾಗಿಲಿನಿಂದ ಟಿಕೆಟು ಕೊಡುತ್ತಾ ಬರುತ್ತಿದ್ದ. ಕಿವಿಯ ಸಂದಿಯಲ್ಲಿ ಪೆನ್ಸಿಲು, ಕುತ್ತಿಗೆಯಲ್ಲಿ ವಿಸಿಲು. ಪದ್ಮಾಕ್ಷಿಯನ್ನು ಕಂಡದ್ದೇ ಅವನ ಮುಖ ಅರಳಿತು. ಒಂದು ಸಲ ಅವಳನ್ನು ನೋಡುವುದು, ಕೂಡಲೇ ತಲೆಯೆತ್ತಿ ಬಸ್ಸಿನ ಮಾಡು ನೋಡುವುದು, ಇನ್ನೊಮ್ಮೆ ಕಳ್ಳನ ಹಾಗೆ ಅವಳನ್ನು ನೋಡುವುದು ಅವನ ಅಭ್ಯಾಸ. ಇವತ್ತೂ ಹಾಗೇ ನೋಡಿದ.

"ಧಣಿಗಳು ನಮ್ಮ ಬಸ್ಸಿನಲ್ಲಿ ಇದ್ದದ್ದು ನೋಡಲೇ ಇಲ್ಲ. ಟಿಕೆಟ್?"

ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರುವವಳೆಂದು ಅವನು ಅವಳನ್ನು ಧಣಿಗಳು ಎನ್ನುವುದು. ಬೇರೆ ದಿನವಾಗಿದ್ದರೆ ಅವಳು ನಗು ಅಡಗಿಸಿಕೊಂಡು ಮುಖ ತಿರುಗಿಸುತ್ತಿದ್ದಳು.

"ನನ್ನ ಕತೆಯನ್ನೂ ಹೀಗೇ ಟಿಕೆಟಿನ ಹಾಗೆ ಹರಿದು ಹರಿದು ಹಂಚಿದ್ದಾ, ಕಂಡಕ್ಟರೇ?"

ಅವನ ನಗು ಅಲ್ಲೇ ನಿಂತಿತು. ಮುಂದಿನ ಸೀಟಿನ ಇಬ್ಬರೂ ತಿರುಗಿ ನೋಡಿದರು.

"ಅದು... ನಾನು ಹೇಳ್ತೇನೆ, ಸ್ವಲ್ಪ ಕೇಳಿ."

"ಬಸ್ಸು ನಿಲ್ಲಿಸಿ."

"ಇದು ಪುಂಜಾಲಕಟ್ಟೆ. ಬಂಟ್ವಾಳಕ್ಕೆ ಇನ್ನೂ ದೂರ ಉಂಟು."

"ನಿಲ್ಲಿಸಿ ಅಂದೆ."

ಧರ್ಣಪ್ಪ ವಿಸಿಲ್ ಊದಿದ. ಡ್ರೈವರ್ ಅಣ್ಣುವಿಗೆ ಲೋಕದಲ್ಲಿ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು ವಿಸಿಲಿಗೆ ಬ್ರೇಕು, ಎರಡು ವಿಸಿಲಿಗೆ ಗೇರು. ಹಿಂದೆ ಮದುವೆಯಾಗಲಿ, ಹೊಡೆದಾಟವಾಗಲಿ ಅವನು ತಿರುಗಿ ನೋಡುವವನಲ್ಲ. ಬಸ್ಸು ಗಕ್ಕನೆ ನಿಂತಿತು, ಪದ್ಮಾಕ್ಷಿ ದಡದಡ ಇಳಿದಳು, ಎರಡು ವಿಸಿಲು ಕೇಳಿಸಿತು, ಬಸ್ಸು ಹೋಯಿತು. ಧೂಳು ಇಳಿದ ಮೇಲೆ ನೋಡಿದರೆ ಹಪ್ಪಳದ ಕಟ್ಟು ಬಸ್ಸಿನಲ್ಲೇ ಉಳಿದಿತ್ತು. ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಈ ಸಿಟ್ಟು ಏನೆಂದು ತಿಳಿಯಬೇಕಾದರೆ ಆ ಕಟ್ಟೆಯ ಸಂಗತಿ ಹೇಳಬೇಕು.

ಎಪ್ಪತ್ತನಾಲ್ಕರ ಬೊಳ್ಳದಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ನುಗ್ಗಿ ಬಂದಳು. ನೆರೆ ಇಳಿದ ಮೇಲೆ ಅನುಕೂಲ ಇದ್ದವರು ಒಬ್ಬೊಬ್ಬರಾಗಿ ಮೇಲೆ ಜೋಡುಮಾರ್ಗಕ್ಕೆ ಅಂಗಡಿ ಎತ್ತಿದರು. ಉಳಿದವರು ಮುಂದೆ ಯಾರು ಹೋಗುತ್ತಾರೋ ಎಂದು ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಾ ಹೊತ್ತಿಗೆ ಮೊದಲೇ ಬಾಗಿಲು ಹಾಕತೊಡಗಿದರು. ಮಾತಿಲ್ಲ, ಕತೆಯಿಲ್ಲ. ಪೇಟೆಯೆಂದರೆ ಸೂತಕದ ಮನೆ.

ಶಾಲೆಯ ವಾಗ್ದೇವಿ ಟೀಚರಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಪದ್ಮಾಕ್ಷಿಯ ಅಪ್ಪ ಹುಕ್ರಪ್ಪನ ಹೋಟೆಲಿನ ಎದುರಿಗೆ ಒಂದು ಅಶ್ವತ್ಥಕಟ್ಟೆ. ಶನಿವಾರ ಸಂಜೆ ಅಲ್ಲಿಗೆ ಎಲ್ಲರನ್ನೂ ಕರೆದು ಟೀಚರು ಹೇಳಿದರು: "ನೀರೂರು ಅಂತ ಒಂದು ಊರು ಉಂಟು. ಅದರ ಕತೆ ನಾವೆಲ್ಲ ಸೇರಿ ಕಟ್ಟುವ. ಯಾರು ಬೇಕಾದರೂ ಮುಂದಿನದ್ದು ಹೇಳಬಹುದು. ನಿಜವಾದ ಹೆಸರು ಮಾತ್ರ ಹೇಳಬಾರದು. ಹೇಳಿದ್ದಕ್ಕೆ ಎಲ್ಲರೂ ಹೂಂ ಅನ್ನಬೇಕು."

ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟದಿದ್ದರೆ ಕತೆ ನಿಲ್ಲುತ್ತದಲ್ಲ, ಆ ಹಳೆಯ ಕ್ರಮವನ್ನೇ ಟೀಚರು ಪೇಟೆಗೆ ತಂದದ್ದು. ಒಬ್ಬರು ಹೂಂ ಹೇಳದಿದ್ದರೂ ಕತೆ ಅಲ್ಲೇ ನಿಲ್ಲಬೇಕು. ಅವರ ಮನಸ್ಸು ಒಪ್ಪುವ ತನಕ ಉಳಿದವರು ಕಾಯಬೇಕು.

ಮೊದಲು ನಗಾಡಿದವರೇ ಮತ್ತೆ ಮುಂದೆ ಬಂದು ಕೂತರು. ಜವಳಿ ಅಂಗಡಿಯ ಅಬ್ದುಲ್ ಶುಕೂರ್ ಸಾಹೇಬರು ನೀರೂರಿನ ಒಂದು ಅಂಗಡಿಯ ಕಪಾಟಿನಲ್ಲಿ, ಮದುವೆ ಸೀರೆಗಳ ನಡುವೆ, ಮೀನಿನಿಂದ ಮರಿ ಹಾಕಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕು ಹೂಂ ಎಂದರು. ಸಾಹೇಬರೂ ನಕ್ಕು ಕಣ್ಣೊರಸಿಕೊಂಡರು. ಹೂ ಮಾರುವ ಸೇಸಮ್ಮ ನೆರೆಯಲ್ಲಿ ಕೊಚ್ಚಿಹೋದ ತನ್ನ ದನವನ್ನು ನೀರೂರಿನ ಹಟ್ಟಿಗೆ ವಾಪಸು ತಂದು ಕಟ್ಟಿದಳು. ಅದಕ್ಕೂ ಹೂಂ ಎಂದರು. ಶನಿವಾರ ಸಂಜೆ ಮಾತ್ರ ಹುಕ್ರಪ್ಪನ ಹೋಟೆಲಿನಲ್ಲಿ ಗೋಳಿಬಜೆಯ ಬಾಣಲೆ ಒಲೆಯಿಂದ ಇಳಿಯುತ್ತಿರಲಿಲ್ಲ. ಉಳಿದ ದಿನಗಳ ನಷ್ಟವನ್ನು ಆ ಸಂಜೆ ತುಂಬಿಕೊಡುತ್ತಿತ್ತು.

ಒಂದು ಶನಿವಾರ ಪದ್ಮಾಕ್ಷಿಯೂ ಬಾಯಿ ಬಿಟ್ಟಳು. ನೀರೂರಿನಲ್ಲಿ ಒಬ್ಬಳು ಹುಡುಗಿ, ನಿಶ್ಚಯವಾಗಿತ್ತು, ನೆರೆ ಬಂತು, ಹುಡುಗನ ಕಡೆಯವರು ಬಂದು ಕೆಸರು ನೋಡಿ ಕಾಫಿ ಕುಡಿಯದೆ ಎದ್ದುಹೋದರು, ಆ ಮೇಲೆ ಹುಡುಗಿ ಕಡವಿನ ಮೆಟ್ಟಿಲಲ್ಲಿ ಕೂತು ಕಾಯುತ್ತಾ ಇದ್ದಾಳೆ ಎಂದಳು. ಪದ್ಮಾಕ್ಷಿಗೆ ನಿಶ್ಚಯವಾಗಿದ್ದ ಮೂಡಬಿದ್ರಿಯ ಸಂಬಂಧ ಹಾಗೇ ತಪ್ಪಿದ್ದು ಪೇಟೆಗೆಲ್ಲ ಗೊತ್ತಿದ್ದ ಸಂಗತಿ. ಯಾರೂ ಗೊತ್ತಿದೆ ಎಂದು ತೋರಿಸಲಿಲ್ಲ. ಬಹಳ ಮೆತ್ತಗೆ, ಮಲಗಿದ ಮಗುವಿನ ಹತ್ತಿರ ಮಾತಾಡಿದ ಹಾಗೆ, ಹೂಂ ಎಂದರು. ಸೇಸಮ್ಮ ಮಾತ್ರ "ಪಾಪ" ಎಂದಳು.

ಅವತ್ತಿನಿಂದ ಆ ಹುಡುಗಿಯನ್ನು ಯಾರೂ ಮುಟ್ಟಲಿಲ್ಲ. ನೀರೂರಿನಲ್ಲಿ ಏನೇನೋ ಆಯಿತು, ಅವಳು ಮಾತ್ರ ಮೆಟ್ಟಿಲಲ್ಲೇ ಕೂತಿದ್ದಳು.

ಅಷ್ಟು ಜೋಪಾನವಾಗಿ ಪೇಟೆಯೇ ಸೆರಗಿನಲ್ಲಿ ಕಟ್ಟಿಟ್ಟುಕೊಂಡದ್ದನ್ನು, ಅದೇ ಕಟ್ಟೆಯಲ್ಲಿ ಕೂತು ಹೂಂ ಎಂದಿದ್ದ ಆ ಕಂಡಕ್ಟರು ಮೂಡಬಿದ್ರಿಯಿಂದ ಬೆಳ್ತಂಗಡಿ ತನಕ ಡಂಗುರ ಸಾರಿದ್ದ. ಸಿಟ್ಟು ಬಾರದೆ ಇನ್ನೇನು ಬರಬೇಕು?

ಮರುದಿನ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಧರ್ಣಪ್ಪ ಹೋಟೆಲಿಗೆ ಬಂದು ಮೇಜಿನ ಮೇಲೆ ಕಟ್ಟು ಇಟ್ಟ.

"ಧಣಿಗಳ ಹಪ್ಪಳ. ಒಂದೂ ಮುರಿಯಲಿಲ್ಲ."

"ಇಟ್ಟು ಹೋಗಿ."

"ಚಾ?"

ಮೊದಲೆಲ್ಲ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯುವಾಗಲೇ ಅವನ ಚಾ ಸೋಸಿ, ಎರಡು ಗ್ಲಾಸಿನಲ್ಲಿ ಎತ್ತಿ ಎತ್ತಿ ಎರೆದು, ಹದವಾಗಿ ಆರಿಸಿ ಇಡುವುದು ಅವಳ ಕ್ರಮ. ಅವತ್ತು ಕುದಿಯುವುದನ್ನು ಕುದಿಯುವ ಹಾಗೆಯೇ ತಂದು ಕುಕ್ಕಿದಳು. ಹೊರಗೆ ಅಣ್ಣು ಹಾರ್ನ್ ಒತ್ತಿದ. ಧರ್ಣಪ್ಪ ಗ್ಲಾಸನ್ನು ನೋಡಿದ, ಅವಳನ್ನು ನೋಡಿದ, ಒಂದೇ ಗುಟುಕಿಗೆ ಕುಡಿದು ಕಣ್ಣಲ್ಲಿ ನೀರು ತುಂಬಿಕೊಂಡು ಓಡಿದ. ಬೆಳ್ತಂಗಡಿ ಎನ್ನಲು ನಾಲಿಗೆ ಹೊರಳದೆ "ಬೆಂಗಡಿ, ಬೆಂಗಡಿ" ಎಂದು ಅವನು ಕೂಗಿದ್ದು ಒಳಗೆ ಕೇಳಿಸಿತು. ಪದ್ಮಾಕ್ಷಿ ಬೇಗ ಒಲೆಯ ಕಡೆಗೆ ತಿರುಗಿದಳು. ತನ್ನ ಮುಖವನ್ನು ಯಾರಾದರೂ ನೋಡುವುದು ಅವಳಿಗೆ ಬೇಡವಿತ್ತು.

ಶನಿವಾರ ಬಂತು. ಶುಕೂರ್ ಸಾಹೇಬರು ಕತೆಗೆ ಒಂದು ತುಂಡು ಸೇರಿಸಿದರು. ಎಲ್ಲರೂ ಹೂಂ ಎಂದರು.

"ಪದ್ಮಾಕ್ಷಿ, ನೀನು ಹೇಳಲಿಲ್ಲ," ಎಂದರು ಟೀಚರು.

"ಹೇಳುವುದಿಲ್ಲ ಟೀಚರೇ."

"ಸಾಹೇಬರು ಹೇಳಿದ್ದರಲ್ಲಿ ತಪ್ಪು ಉಂಟಾ?"

"ಸಾಹೇಬರದ್ದು ತಪ್ಪಿಲ್ಲ. ಕಟ್ಟೆಯ ಮಾತನ್ನು ಬಸ್ಸಿಗೆ ಹತ್ತಿಸಿದವರು ಇಲ್ಲಿ ಕೂತಿದ್ದಾರೆ. ಅವರಿರುವ ತನಕ ನನ್ನ ಬಾಯಲ್ಲಿ ಹೂಂ ಬರುವುದಿಲ್ಲ."

ಎಲ್ಲರೂ ಧರ್ಣಪ್ಪನನ್ನು ನೋಡಿದರು. ಅವನು ತಲೆ ತಗ್ಗಿಸಿ ಎದ್ದು ಹೋದ. ಹೋದರೂ ಅವಳು ಹೂಂ ಎನ್ನಲಿಲ್ಲ. ಸಿಟ್ಟಿಗೆ ಒಮ್ಮೆ ಮಣೆ ಹಾಕಿ ಕೂರಿಸಿದರೆ ಅದು ಅಷ್ಟು ಸುಲಭದಲ್ಲಿ ಏಳುತ್ತದೆಯೇ?

ಮುಂದಿನ ಶನಿವಾರವೂ ಹಾಗೇ ಹೋಯಿತು. ಅದರ ಮುಂದಿನದ್ದೂ. ಜನ ಬಂದರು, ಕೂತರು, ಕೆಮ್ಮಿದರು, ಹೋದರು. ಮತ್ತೆ ಬರುವುದೂ ಕಡಿಮೆಯಾಯಿತು. ಗೋಳಿಬಜೆಯ ಹಿಟ್ಟು ಉಳಿದು ಹುಳಿಯಾಯಿತು. ಸೇಸಮ್ಮ ಹೋಟೆಲಿನ ಬಾಗಿಲಲ್ಲಿ ಹೂಬುಟ್ಟಿ ಇಳಿಸಿ ಬೈದಳು: "ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರ್ತದಾ ಮಗಳೇ? ನನ್ನ ದನ ಕರು ಹಾಕುವುದರಲ್ಲಿತ್ತು. ನೀನು ಅದನ್ನೂ ನಿಲ್ಲಿಸಿಬಿಟ್ಟೆ."

ಧರ್ಣಪ್ಪ ಮಾತ್ರ ದಿನವೂ ಬೆಳಿಗ್ಗೆ ಬಂದ. ಅವಳು ದಿನವೂ ಕುದಿಯುವ ಚಾ ಕೊಟ್ಟಳು. ಅವನು ದಿನವೂ ಕುಡಿದ.

ಒಂದು ಮಧ್ಯಾಹ್ನ ಪೇಟೆಯ ಹತ್ತಿರವೇ ಬಸ್ಸಿನ ಟಯರು ಒಡೆಯಿತು. ಅಪ್ಪ ಜೋಡುಮಾರ್ಗಕ್ಕೆ ಹೋಗಿದ್ದರು. ಹಿಂದಿನ ಚಾವಡಿಯಲ್ಲಿ ಪದ್ಮಾಕ್ಷಿ ಕಡೆಯುವ ಕಲ್ಲಿನಲ್ಲಿ ಹಿಟ್ಟು ಕಡೆಯುತ್ತಿದ್ದಳು. ಧರ್ಣಪ್ಪ ಬಂದು ಕಂಬದ ಹತ್ತಿರ ನಿಂತ.

"ಚಾ ಇಲ್ಲ," ಎಂದಳು ತಲೆಯೆತ್ತದೆ.

"ಚಾ ಬೇಡ. ಹೂಂ ಬೇಕು. ನನಗಲ್ಲ, ಕಟ್ಟೆಗೆ."

"ನನ್ನ ಮಾನ ಬಸ್ಸಿನಲ್ಲಿ ಹರಾಜು ಹಾಕುವಾಗ ಕಟ್ಟೆಯ ಹತ್ತಿರ ಕೇಳಿದ್ರಾ?"

"ನಿಮ್ಮ ಹೆಸರು ಹೇಳಲಿಲ್ಲ. ಬಂಟ್ವಾಳ ಅಂತ ಸಹ ಹೇಳಲಿಲ್ಲ."

"ಗೊತ್ತಿದ್ದವರಿಗೆ ಹೆಸರು ಬೇಕಾ?" ಅವಳ ಕೈ ನಿಂತಿತು. "ನಿಮ್ಮ ಬಸ್ಸು ದಿನಾ ಮೂಡಬಿದ್ರಿಗೆ ಹೋಗಿ ಬರ್ತದೆ. ಆ ಮನೆಯವರು ಹತ್ತಿದರೆ? ಇನ್ನೂ ಅವಳು ನಮಗೆ ಕಾಯ್ತಾ ಇದ್ದಾಳೆ ಅಂತ ನಕ್ಕರೆ?"

ಅವಳನ್ನು ಇಷ್ಟು ದಿನ ಸುಟ್ಟದ್ದು ಇದೇ.

"ಹತ್ತಿದ್ದರು," ಎಂದ ಧರ್ಣಪ್ಪ. "ಅವರೇ ಅಂತ ನಾನು ಆಣೆ ಹಾಕುವುದಿಲ್ಲ. ಹಿರಿಯರು ಒಬ್ಬರು, ಜರಿ ಶಾಲು. ಕಾಫಿ ಕುಡಿಯದೆ ಎದ್ದುಹೋದ ಸಂಗತಿ ಬಂದಾಗ ಬಸ್ಸಿನ ಹೆಂಗಸರು ಆ ಮನೆಯವರಿಗೆ ಬೈದರು ನೋಡಿ, ನನ್ನ ಕಿವಿಯೇ ಮುಚ್ಚಿತು. ಅವರು ಬೆಳ್ತಂಗಡಿಗೆ ಹೋಗುವವರು, ಅರ್ಧ ದಾರಿಯ ವೇಣೂರಿನಲ್ಲೇ ಇಳಿದುಹೋದರು. ನಗಲಿಲ್ಲ."

ಪದ್ಮಾಕ್ಷಿ ಮತ್ತೆ ಕಲ್ಲು ತಿರುಗಿಸಿದಳು. "ಆದರೂ ನನ್ನನ್ನು ಕೇಳಬೇಕಿತ್ತು."

"ಕೇಳಬೇಕಿತ್ತು. ಕೇಳದೆ ಕೊಂಡುಹೋದದ್ದು ನನ್ನ ತಪ್ಪು. ಅದಕ್ಕೇ ದಿನಾ ಬಾಯಿ ಸುಟ್ಟುಕೊಂಡು ಹೋಗ್ತಾ ಇದ್ದೇನೆ." ಅವನ ಧ್ವನಿಯೂ ಏರಿತು. "ಆದರೆ ನನಗೂ ಸಿಟ್ಟು ಉಂಟು, ಅದನ್ನೂ ಕೇಳಿ. ಈ ಪೇಟೆಯಲ್ಲಿ ನಿಮ್ಮನ್ನು ನೋಡಿದ ಕೂಡಲೇ ಎಲ್ಲರೂ ಪಾಪ ಅಂತಾರೆ. ಪಾಪ ಅಂತ ಹೇಳಿ ಹೇಳಿ ಆ ಹುಡುಗಿಯನ್ನು ಮೆಟ್ಟಿಲಿಗೆ ಅಂಟಿಸಿಬಿಟ್ಟಿದ್ದಾರೆ. ಎಬ್ಬಿಸಲಿಕ್ಕೆ ಒಬ್ಬರಿಗೂ ಧೈರ್ಯ ಇಲ್ಲ. ನನಗೂ ಇರಲಿಲ್ಲ. ಅದಕ್ಕೆ ಗುರುತಿಲ್ಲದವರ ಹತ್ತಿರ ಹೋದೆ. ಅವರು ಜಗಳ ಮಾಡಿದರು, ಮಿಲ್ಲಿನವನಿಗೆ ಕೊಡಿ ಅಂದರು, ಬೇಡ ಅಂದರು. ಒಬ್ಬರೂ ಪಾಪ ಅನ್ನಲಿಲ್ಲ."

"ಅವಳು ಎದ್ದರೆಷ್ಟು ಬಿಟ್ಟರೆಷ್ಟು? ನಿಮಗೆ ಎಂತಕ್ಕೆ ಅಷ್ಟು ಅರ್ಜೆಂಟು?"

ಧರ್ಣಪ್ಪ ಅಭ್ಯಾಸಬಲದಿಂದ ಮಾಡು ನೋಡಿದ. ಮತ್ತೆ ಕಣ್ಣು ಇಳಿಸಿ ನೆಟ್ಟಗೆ ಅವಳನ್ನೇ ನೋಡಿದ. ಈ ಸಲ ಕಳ್ಳನೋಟ ಆಗಿರಲಿಲ್ಲ.

"ಅವಳು ಹೊಳೆಯನ್ನೇ ನೋಡ್ತಾ ಕೂತರೆ ಬೆನ್ನ ಹಿಂದೆ ನಿಂತವನು ಕಾಣುವುದು ಹೇಗೆ? ನನಗೆ ನೀವು ಅಂದರೆ ಇಷ್ಟ. ಬೊಳ್ಳಕ್ಕಿಂತ ಮೊದಲಿಂದಲೂ ಇಷ್ಟ. ನಿಮ್ಮ ನಿಶ್ಚಯದ ದಿನ ಪೇಟೆಯಲ್ಲಿ ಇರಲಿಕ್ಕೆ ಆಗದೆ ಬೇರೆಯವನ ಡ್ಯೂಟಿಯನ್ನೂ ನಾನೇ ಮಾಡಿದ್ದೇನೆ. ಸಂಬಂಧ ತಪ್ಪಿತು ಅಂತ ಕೇಳಿದಾಗ ಸಂತೋಷ ಆಯಿತು. ಆಮೇಲೆ ನಿಮ್ಮ ಮುಖ ನೋಡಿ ನನ್ನ ಮೇಲೆಯೇ ಅಸಹ್ಯ ಆಯಿತು. ಇಷ್ಟೇ."

ಪದ್ಮಾಕ್ಷಿಯ ಮುಖ ಕಿವಿಯ ತನಕ ಕೆಂಪಾಯಿತು. ಸಿಟ್ಟೋ ಮತ್ತೊಂದೋ ಅವಳಿಗೇ ತಿಳಿಯಲಿಲ್ಲ.

"ಹೋಗಿ."

"ಹೋಗ್ತೇನೆ."

"ಈಗಲೇ ಹೋಗಿ."

ಅವನು ಹೋದ. ಅವತ್ತು ಕಡೆದ ಹಿಟ್ಟಿಗೆ ಅವಳು ಉಪ್ಪು ಹಾಕಲು ಮರೆತಳು.

ಸಂಜೆಗೆ ಅಪ್ಪ ಬಂದು ಬೆವರು ಒರಸಿಕೊಂಡರು. "ಜೋಡುಮಾರ್ಗದಲ್ಲಿ ಕೋಣೆ ನೋಡಿ ಬಂದೆ. ಬರುವ ತಿಂಗಳು ಹೋಗುವ."

"ನಮ್ಮ ಕಟ್ಟೆ ಬಿಟ್ಟು ಹೋಗುವುದಾ ಅಪ್ಪ?"

"ಯಾವ ಕಟ್ಟೆ? ಅದಕ್ಕೆ ನೀನೇ ಬೀಗ ಹಾಕಿದ್ದೀಯಲ್ಲ," ಎಂದು ಹುಕ್ರಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ಅವರು ದೊಡ್ಡ ಧ್ವನಿ ಮಾಡಿರಲಿಲ್ಲ. ಆದರೆ ಆ ಮಾತು ಪದ್ಮಾಕ್ಷಿಗೆ ಕೆನ್ನೆಗೆ ಹೊಡೆದ ಹಾಗೆ ತಾಗಿತು. ಊರು ಬಿಟ್ಟು ಹೋದವರನ್ನು ಅವಳು ಎಷ್ಟು ಬೈದಿದ್ದಳು! ಈಗ ಉಳಿದವರನ್ನೂ ಅವಳೇ ಕಳಿಸುತ್ತಿದ್ದಳು.

ಆ ಶನಿವಾರ ಕಟ್ಟೆಯಲ್ಲಿ ಟೀಚರು, ಸಾಹೇಬರು, ಸೇಸಮ್ಮ, ಅಕ್ಕಪಕ್ಕದ ಒಂದಿಬ್ಬರು ಅಷ್ಟೇ. ಟೀಚರು ಕೊಡೆ ಮಡಚುತ್ತಾ "ಇವತ್ತಿಗೆ ಇದು ಮುಗಿಯಿತು ಅಂತ ಹೇಳಿಬಿಡುವ" ಎಂದರು. ಅಷ್ಟರಲ್ಲಿ ತಿರುವಿನಲ್ಲಿ ಹಾರ್ನ್ ಕೇಳಿಸಿತು.

ಬಸ್ಸು ಕಟ್ಟೆಯ ಎದುರಿಗೇ ಬಂದು ನಿಂತಿತು. ಅದರೊಳಗಿಂದ ಜನ ಇಳಿದರು. ವೇಣೂರಿನವರು, ಲಾಯಿಲದವರು, ಗುರುವಾಯನಕೆರೆಯವರು, ಅಂದು ಮುಂದಿನ ಸೀಟಿನಲ್ಲಿದ್ದ ಇಬ್ಬರು ಹೆಂಗಸರು. ಇಳಿಯುವಾಗಲೇ ಜೋರು ಮಾಡಿದರು: "ಕತೆ ನಿಂತದ್ದು ಕಟ್ಟೆಯಲ್ಲಿ ಅಂತ ಕಂಡಕ್ಟರು ಹೇಳಿದ್ರು, ಎಲ್ಲುಂಟು ಆ ಕಟ್ಟೆ? ಕತೆ ನಿಲ್ಲಿಸಿದವರು ಯಾರು? ನಾವು ಎಷ್ಟು ದಿನ ಕಾಯುವುದು?" ಸ್ಟಾರ್ಟಿಂಗ್ ಟ್ರಬಲ್ ಇದ್ದ ಗಾಡಿಯಾದ್ದರಿಂದ ಅಣ್ಣು ಇಂಜಿನು ಬಂದ್ ಮಾಡದೆ ಸ್ಟೇರಿಂಗಿಗೆ ತಲೆಯಿಟ್ಟು ತೂಕಡಿಸಿದ. ಧರ್ಣಪ್ಪ ಬಾಗಿಲ ಹತ್ತಿರವೇ ನಿಂತ. ಕಟ್ಟೆಗೆ ಬರಲಿಲ್ಲ.

ವೇಣೂರಿನ ಸುಂದರಿ ಎಂಬ ಮುದುಕಿ ಸೀದಾ ಹೋಟೆಲಿಗೆ ನುಗ್ಗಿ ಬೆಂಚಿನಲ್ಲಿ ಕೂತಳು. "ಒಂದು ಚಾ ಕೊಡು ಮಗಾ. ನನಗೆ ಒಂದು ಸಂಶಯ ಉಂಟು. ಅದನ್ನು ಕೇಳಲಿಕ್ಕೇ ಮೊಣಗಂಟು ನೋವು ಇಟ್ಟುಕೊಂಡು ಬಂದದ್ದು."

"ಎಂತ ಸಂಶಯ ಅಜ್ಜಿ?"

"ಆ ನೀರೂರಿನ ಹುಡುಗಿಗೆ ಸಿಟ್ಟು ಅಂತ ಒಂದು ಬರುವುದೇ ಇಲ್ವಾ? ನಾನಾಗಿದ್ದರೆ ಆ ಕಾಫಿಯನ್ನು ಅವರ ತಲೆಗೆ ಎರೆದು ಕಳಿಸ್ತಿದ್ದೆ. ಇವಳು ನೋಡಿದರೆ ಕಾಯ್ತಾ ಕೂತಿದ್ದಾಳಂತೆ. ನನಗೆ ನಂಬಿಕೆ ಬರುವುದಿಲ್ಲ. ಹೇಳಿದವರು ಎಲ್ಲಿಯೋ ಸುಳ್ಳು ಹೇಳಿದ್ದಾರೆ."

ಪದ್ಮಾಕ್ಷಿ ಚಾ ಎರೆಯುತ್ತಿದ್ದ ಕೈಯನ್ನು ಹಾಗೇ ಹಿಡಿದು ನಿಂತಳು. ಸುಳ್ಳೇ. ಅವಳು ಒಂದು ದಿನವೂ ಯಾರಿಗೂ ಕಾದಿರಲಿಲ್ಲ. ಆ ಜನ ಎದ್ದುಹೋದ ಗಳಿಗೆಯಿಂದ ಅವಳ ಹೊಟ್ಟೆಯೊಳಗೆ ಇದ್ದದ್ದು ಬರೀ ಬೆಂಕಿ. ಮದುವೆ ತಪ್ಪಿದ ಹುಡುಗಿ ಅಳಬೇಕು, ಸಿಟ್ಟು ಮಾಡಬಾರದು ಎಂದು ಅವಳೇ ಅಂದುಕೊಂಡು, ಕತೆಯ ಹುಡುಗಿಯನ್ನು ಹೊಳೆ ನೋಡಲು ಕೂರಿಸಿದ್ದಳು. ಆ ಬೆಂಕಿಯೆಲ್ಲ ಹೋಗಿ ಹೋಗಿ ಬಿದ್ದದ್ದು ಒಬ್ಬ ಕಂಡಕ್ಟರನ ನಾಲಿಗೆಯ ಮೇಲೆ.

ಸೆರಗಿನಲ್ಲಿ ಕೈ ಒರಸಿಕೊಂಡು ಅವಳು ಕಟ್ಟೆಯ ಹತ್ತಿರ ಹೋದಳು.

"ಟೀಚರೇ, ನಾನು ಮುಂದಿನದ್ದು ಹೇಳ್ತೇನೆ."

ಗಲಾಟೆ ನಿಂತಿತು.

"ನೀರೂರಿನ ಹುಡುಗಿ ಕಾಯ್ತಾ ಇರಲಿಲ್ಲ. ಅವಳು ಸಿಟ್ಟು ಮಾಡಿಕೊಂಡು ಕೂತದ್ದು. ಆ ಮನೆಯವರ ಮೇಲೆ ಸಿಟ್ಟು, ಹೊಳೆಯ ಮೇಲೆ ಸಿಟ್ಟು, ಪಾಪ ಅಂದವರ ಮೇಲೆಲ್ಲ ಸಿಟ್ಟು."

"ಹೂಂ," ಎಂದಳು ಸುಂದರಿ ಹೋಟೆಲಿನ ಬಾಗಿಲಿನಿಂದ. ಸೇಸಮ್ಮ ತಲೆ ತಗ್ಗಿಸಿ ಹೂಂ ಎಂದಳು. ಎಲ್ಲರೂ ಎಂದರು.

"ಒಂದು ದಿನ ಕೂತು ಕೂತು ಅವಳಿಗೇ ಬೇಜಾರಾಯಿತು. ಎದ್ದಳು. ಊರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಅಂತ ಅಪ್ಪನಿಗೆ ಹೇಳಿದಳು. ಒಲೆ ಹೊತ್ತಿಸಿದಳು."

"ಹೂಂ." ಈ ಸಲ ಹೋಟೆಲಿನ ಒಳಗಿನಿಂದ, ಬಾಣಲೆಯ ಹಿಂದಿನಿಂದ, ಹುಕ್ರಪ್ಪನ ಧ್ವನಿಯೂ ಬಂತು.

"ಆ ಒಲೆಯ ಹತ್ತಿರ ದಿನಾ ಒಬ್ಬ ಬರ್ತಿದ್ದ. ಅವನು ಅವಳನ್ನು ಕೇಳದೆ ಒಂದು ತಪ್ಪು ಮಾಡಿದ. ಅವಳು ಅವನ ಬಾಯಿ ಸುಟ್ಟಳು. ಅವನು ಮಾರನೆಯ ದಿನವೂ ಬಂದ." ಅವಳು ಒಮ್ಮೆ ಬಸ್ಸಿನ ಕಡೆಗೆ ನೋಡಿದಳು. ಮಾತು ನಿಲ್ಲಿಸಲಿಲ್ಲ. "ಅವಳಿಗೆ ಅವನ ಮೇಲೆ ಇನ್ನೂ ಸಿಟ್ಟು ಉಂಟು. ಆದರೆ ಅವನು ಬಾರದ ಬೆಳಗು ಅವಳಿಗೆ ಬೇಡ. ಇನ್ನು ಅವನು ಕೇಳದೆ ಏನೂ ಮಾಡಬಾರದು. ಕೇಳಲಿಕ್ಕೆ ಏನಾದರೂ ಇದ್ದರೆ, ನಾಳೆ ಬೆಳಿಗ್ಗೆ ಹಿರಿಯರನ್ನು ಕರಕೊಂಡು ಬಂದು ಅವಳ ಅಪ್ಪನ ಹತ್ತಿರ ಕೇಳಬೇಕು."

ಕಟ್ಟೆಯೇ ಅದುರುವ ಹಾಗೆ ಹೂಂ ಎಂದರು. ಒಬ್ಬನನ್ನು ಬಿಟ್ಟು. ಬಸ್ಸಿನ ಬಾಗಿಲ ಹೊರಗೆ ಧರ್ಣಪ್ಪ ಬಾಯಿ ತೆರೆದು ನಿಂತಿದ್ದ.

"ಧರ್ಣಪ್ಪ," ಎಂದರು ಟೀಚರು ತರಗತಿಯ ಧ್ವನಿಯಲ್ಲಿ, "ಒಬ್ಬರು ಹೇಳದಿದ್ದರೂ ಕತೆ ಮುಂದೆ ಹೋಗುವುದಿಲ್ಲ. ಕ್ರಮ ಗೊತ್ತುಂಟಲ್ಲ?"

"ಹೂಂ ಹೇಳು ಮಾರಾಯ," ಎಂದರು ಶುಕೂರ್ ಸಾಹೇಬರು. "ನಮಗೂ ಮದುವೆ ಸೀರೆ ಮಾರದೆ ಬಹಳ ಸಮಯ ಆಯಿತು."

ಮೂಡಬಿದ್ರಿಯಿಂದ ಬಂಟ್ವಾಳದ ತನಕ ಬಾಯಿ ನಿಲ್ಲಿಸದ ಆ ಮನುಷ್ಯನಿಗೆ ಒಂದು ಹೂಂ ಹೊರಡಲಿಲ್ಲ. ಕೈ ತನ್ನಷ್ಟಕ್ಕೆ ಕುತ್ತಿಗೆಗೆ ಹೋಯಿತು. ವಿಸಿಲು ಬಾಯಿಗೆ ಬಂತು. ಪದ್ಮಾಕ್ಷಿಯನ್ನೇ ನೋಡುತ್ತಾ ಅವನು ಎರಡು ಸಲ ಊದಿದ.

ಅಣ್ಣು ತಲೆಯೆತ್ತಿದ. ಗೇರು ಹಾಕಿದ. ಬಸ್ಸು ಹೊರಟೇ ಹೋಯಿತು.

"ಅಯ್ಯೋ, ನಮ್ಮ ಬಸ್ಸು!" ಎಂದು ವೇಣೂರಿನವರೆಲ್ಲ ಎದ್ದು ಓಡಿದರು. ಸುಂದರಿಯ ಮೊಣಗಂಟಿನ ನೋವೂ ಅವತ್ತು ಓಡಿತು. ಎಲ್ಲರಿಗಿಂತ ಮುಂದೆ ಚೀಲ ಹಿಡಿದುಕೊಂಡು ಧರ್ಣಪ್ಪ ಓಡುತ್ತಿದ್ದ. ತಿರುವಿನ ಹತ್ತಿರ ಹಾರಿ ಕಂಬಿ ಹಿಡಿದವನು ತಿರುಗಿ, ಪೇಟೆಗೆಲ್ಲ ಕೇಳುವ ಹಾಗೆ ಕೂಗಿದ: "ಹೂಂ! ಹೂಂ ಅಂದೆ, ಧಣಿಗಳೇ!"

ಪದ್ಮಾಕ್ಷಿ ಕಟ್ಟೆ ಹಿಡಿದುಕೊಂಡು ನಕ್ಕಳು. ಬೊಳ್ಳದ ನಂತರ ಅವಳು ಹಾಗೆ ನಕ್ಕದ್ದನ್ನು ಪೇಟೆಯವರು ಯಾರೂ ನೋಡಿರಲಿಲ್ಲ. ಸೇಸಮ್ಮ ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ತೆಗೆದು, ಕೇಳದೆಯೇ ಅವಳ ಜಡೆಗೆ ಮುಡಿಸಿದಳು. ಅದಕ್ಕೆ ಅವಳು ಸಿಟ್ಟು ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಧರ್ಣಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ತನ್ನ ಸೋದರಮಾವನನ್ನು ಮುಂದಿಟ್ಟುಕೊಂಡು ಹೋಟೆಲಿನ ಮೆಟ್ಟಿಲು ಹತ್ತಿದ. ಹುಕ್ರಪ್ಪ ಗಂಭೀರವಾಗಿ ಬೆಂಚು ಒರಸಿ ಕೂರಿಸಿದರು. ಒಳಗಿನಿಂದ ಪದ್ಮಾಕ್ಷಿ ಎರಡು ಗ್ಲಾಸು ತಂದಿಟ್ಟಳು. ಧರ್ಣಪ್ಪ ಹೆದರುತ್ತಾ ಗ್ಲಾಸು ಮುಟ್ಟಿ ನೋಡಿದ. ಅವಳು ಚಾ ಆರಿಸಿಯೇ ತಂದಿದ್ದಳು.